ರೂಟರ್ ಕೊಳ್ಳುವ ಮುಂಚೆ ನೆಟ್ ಎಲ್ಲಿಂದ ಬರುತ್ತೆ ಅಂತ ನೋಡಿ



ಈ ವಾರ ಗೊಬ್ಬರ, ರೋಗ, ಕೀಟದ ವಿಷಯ ಅಲ್ಲ. ಮನೆಗೆ ಹಾಕಿಸುವ ವೈಫೈ ರೂಟರ್ ವಿಷಯ. ಕೃಷಿ ಪುಟದಲ್ಲಿ ಇದೇನು ಅಂತ ಅಂದ್ಕೋಬೇಡಿ. ಪಹಣಿ ತೆಗೆಯೋದು, ಬೆಳೆ ಸಮೀಕ್ಷೆ ಫೋಟೊ ಅಪ್‌ಲೋಡ್ ಮಾಡೋದು, ಪಿಎಂ ಕಿಸಾನ್ ಇ-ಕೆವೈಸಿ, ಮೇಘದೂತ್ ಆ್ಯಪ್‌ನಲ್ಲಿ ಮಳೆ ಮುನ್ಸೂಚನೆ, ಮಾರ್ಕೆಟ್ ರೇಟು, ಗ್ರಾಹಕರ ವಾಟ್ಸ್ಆ್ಯಪ್ ಆರ್ಡರು, ಮಕ್ಕಳ ಓದು ಎಲ್ಲಾ ಈಗ ನೆಟ್ ಮೇಲೆ ನಿಂತಿದೆ. ಒಬ್ಬರ ಫೋನಿನ ದಿನಕ್ಕೆ ಒಂದೂವರೆ ಜಿಬಿ ಇಡೀ ಮನೆಗೆ ಸಾಲಲ್ಲ.

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಕಡೆಯಿಂದ ನನಗೆ ಬರುವ ಫೋನ್‌ಗಳಲ್ಲಿ ಈ ಪ್ರಶ್ನೆ ಪದೇ ಪದೇ ಬರುತ್ತೆ: "ಅಣ್ಣ, ಕಮ್ಮಿ ದುಡ್ಡಿಗೆ ಒಳ್ಳೇ ರೂಟರ್ ಯಾವ್ದು ಹೇಳಿ." ಈ ಪ್ರಶ್ನೆಗೆ ಒಂದ್ಸಲ ನಾನು ಆತುರದಲ್ಲಿ ಉತ್ತರ ಕೊಟ್ಟು ಒಬ್ಬರ ಮನೆಗೆ ತೊಂದರೆ ಮಾಡಿದೆ. ಮೊದಲು ಅದನ್ನೇ ಹೇಳಿಬಿಡ್ತೀನಿ.

ನಾನು ಮಾಡಿದ ತಪ್ಪು

ನಮ್ಮ ಪಕ್ಕದ ತೋಟದ ಅಣ್ಣನವರು ಶುಂಠಿ, ಬಾಳೆ ಬೆಳೆಯುವವರು. ಊರಿಂದ ಒಂದೂವರೆ ಕಿಲೋಮೀಟರ್ ಆಚೆ ತೋಟದಲ್ಲೇ ಮನೆ. ಮಗಳು ಪಿಯುಸಿ ಮುಗಿಸಿ ಸಿಇಟಿ ಬರೆದಿದ್ದಳು. "ನೀವು ಓದಿದೋರು, ಒಂದು ರೂಟರ್ ಹೇಳ್ಬಿಡಿ" ಅಂದರು. ನನ್ನ ಮನೆ ಊರೊಳಗೆ, ಫೈಬರ್ ಕನೆಕ್ಷನ್ ಇದೆ. ನಮ್ಮ ಮನೆಯಲ್ಲಿ ಚೆನ್ನಾಗಿ ಓಡ್ತಿದ್ದ ರೂಟರ್ ಹೆಸರನ್ನೇ ಹೇಳಿದೆ. ಅವರು ಆನ್‌ಲೈನಲ್ಲಿ ಸಾವಿರದ ಎಂಟುನೂರು ಕೊಟ್ಟು ತರಿಸಿದರು.

ಡಬ್ಬ ಬಿಚ್ಚಿ ಫೋನ್ ಮಾಡಿದರು. "ಇದ್ರಲ್ಲಿ ಸಿಮ್ ಎಲ್ಲಿ ಹಾಕೋದು ಕಣಪ್ಪ?"

ಆ ರೂಟರ್‌ಗೆ ಸಿಮ್ ಹಾಕುವ ಜಾಗವೇ ಇರಲಿಲ್ಲ. ಅವರ ತೋಟಕ್ಕೆ ಫೈಬರ್ ಲೈನೂ ಇರಲಿಲ್ಲ. ಅದನ್ನು ಮೂಲೆಗಿಟ್ಟು ಬೇರೆ ಕಡೆಯಿಂದ ಒಂದು ಸೆಕೆಂಡ್‌ಹ್ಯಾಂಡ್ ಸಿಮ್ ರೂಟರ್ ತಂದರು. ಅದು ಒಂದೇ ಕಂಪನಿಯ ಸಿಮ್‌ಗೆ ಲಾಕ್ ಆಗಿತ್ತು, ಆ ಕಂಪನಿಯ ಸಿಗ್ನಲ್ ತೋಟದಲ್ಲಿ ಒಂದೇ ಕಡ್ಡಿ. ಸಿಇಟಿ ಆಪ್ಷನ್ ಎಂಟ್ರಿಗೆ ಕೊನೆಯ ರಾತ್ರಿ. ಮಳೆ. ಕರೆಂಟ್ ಹೋಗಿ ಬಂದು ಮಾಡ್ತಿದೆ. ಪಟ್ಟಿ ಅರ್ಧ ತುಂಬುವಷ್ಟರಲ್ಲಿ ಪೇಜ್ ನಿಂತುಹೋಯ್ತು. ಹತ್ತು ಗಂಟೆಗೆ ಅಣ್ಣನ ಫೋನು. ನಾನು ಛತ್ರಿ, ಪವರ್‌ಬ್ಯಾಂಕ್, ಇನ್ನೊಂದು ಕಂಪನಿ ಸಿಮ್ ಇರುವ ನನ್ನ ಫೋನ್ ತಗೊಂಡು ಬೈಕಲ್ಲಿ ಹೋದೆ. ಮನೆಯೊಳಗೆ ಅದಕ್ಕೂ ಸರಿಯಾಗಿ ಸಿಗ್ನಲ್ ಇಲ್ಲ. ತಾರಸಿ ಮೇಲೆ ನೀರಿನ ಟ್ಯಾಂಕ್ ಪಕ್ಕ ಹೋದರೆ ಸಿಕ್ಕಿತು. ಅಣ್ಣ ಛತ್ರಿ ಹಿಡಿದರು, ಮಗಳು ಆಪ್ಷನ್ ತುಂಬಿದಳು. ಹನ್ನೊಂದು ಗಂಟೆ ದಾಟಿದ ಮೇಲೆ ಸಬ್ಮಿಟ್ ಆಯ್ತು.

ಆ ಹುಡುಗಿಗೆ ಸೀಟು ಸಿಕ್ಕಿತು, ಈಗ ಓದ್ತಿದ್ದಾಳೆ. ಆದರೆ ಸಿಗದೇ ಹೋಗಿದ್ದರೆ ಅದರಲ್ಲಿ ನನ್ನ ಪಾಲು ಇರ್ತಿತ್ತು. ಮಣ್ಣು ಪರೀಕ್ಷೆ ಮಾಡದೆ ಗೊಬ್ಬರ ಹೇಳಬೇಡಿ ಅಂತ ನಿಮಗೆಲ್ಲ ಪಾಠ ಮಾಡುವ ನಾನೇ, ಅವರ ತೋಟ ನೋಡದೆ ರೂಟರ್ ಹೇಳಿದ್ದೆ.

ರೂಟರ್ ನೆಟ್ ಹುಟ್ಟಿಸಲ್ಲ, ಹಂಚುತ್ತೆ ಅಷ್ಟೇ

ಇಡೀ ಲೇಖನದಲ್ಲಿ ನೆನಪಿಡಬೇಕಾದ ಮಾತು ಇದೊಂದೇ. ಬೋರ್‌ವೆಲ್‌ನಲ್ಲಿ ಒಂದಿಂಚು ನೀರಿದ್ದರೆ ಎಷ್ಟು ದುಬಾರಿ ಡ್ರಿಪ್ ಹಾಕಿಸಿದರೂ ಒಂದಿಂಚೇ. ಡ್ರಿಪ್ ನೀರನ್ನು ಗಿಡಗಳಿಗೆ ಹಂಚುತ್ತೆ, ನೀರು ಕೊಡೋದು ಬೋರು. ರೂಟರ್ ಕೂಡ ಹಂಗೇ. ಎಂಟು ಆಂಟೆನಾ ಇರುವ ಆರು ಸಾವಿರದ ರೂಟರ್ ತಂದರೂ, ಒಳಗೆ ಬರುವ ನೆಟ್ 5 ಎಂಬಿಪಿಎಸ್ ಇದ್ದರೆ ಮನೆಗೆಲ್ಲ ಸೇರಿ 5 ಎಂಬಿಪಿಎಸ್ಸೇ.

ಹಾಗಾಗಿ ಮೊದಲ ಪ್ರಶ್ನೆ ಯಾವ ರೂಟರ್ ಅಂತ ಅಲ್ಲ. ನನ್ನ ಮನೆಗೆ ನೆಟ್ ಯಾವ ದಾರಿಯಲ್ಲಿ ಬರುತ್ತೆ ಅಂತ. ನಮ್ಮ ಕಡೆ ದಾರಿ ಮೂರು: ಫೈಬರ್ ಕೇಬಲ್, 5ಜಿ ಏರ್‌ಫೈಬರ್, ಮೊಬೈಲ್ ಸಿಮ್. ಮೂರಕ್ಕೂ ಬೇಕಾದ ಡಬ್ಬ ಬೇರೆ ಬೇರೆ.

ದಾರಿ 1: ಫೈಬರ್

ನಿಮ್ಮ ಮನೆ ತನಕ ಫೈಬರ್ ಬರುತ್ತೆ ಅಂದರೆ ಬೇರೆ ಯೋಚನೆ ಬೇಡ, ಅದನ್ನೇ ಹಾಕಿಸಿ. ರಾತ್ರಿ ಎಂಟು ಗಂಟೆಗೆ ಊರವರೆಲ್ಲ ಫೋನ್ ಹಿಡಿದರೂ ಟವರ್ ನೆಟ್‌ನಷ್ಟು ಬಿದ್ದುಹೋಗಲ್ಲ, ಮೋಡ ಮಳೆಗೆ ಕುಗ್ಗಲ್ಲ.

ಬರುತ್ತೋ ಇಲ್ಲವೋ ತಿಳಿಯೋದು ಹೇಗೆ? ಕೇಂದ್ರ ಸರ್ಕಾರದ ಸಂಚಾರ್ ಸಾಥಿ ಪೋರ್ಟಲ್‌ನಲ್ಲಿ ಪಿನ್‌ಕೋಡ್ ಹಾಕಿದರೆ ಆ ಭಾಗದ ವೈರ್ ಇಂಟರ್ನೆಟ್ ಕಂಪನಿಗಳ ಪಟ್ಟಿ ಬರುತ್ತೆ. ಹುಣಸೂರು 571105, ಪಿರಿಯಾಪಟ್ಟಣ 571107, ಎಚ್.ಡಿ. ಕೋಟೆ 571114, ಕೆ.ಆರ್. ನಗರ 571602. ಹಳ್ಳಿಯ ಪಿನ್‌ಕೋಡ್ ಬೇರೆ ಇದ್ದರೆ ಅದನ್ನೇ ಹಾಕಿ. ಆದರೆ ಪಟ್ಟಿಯಲ್ಲಿ ಹೆಸರಿದೆ ಅಂದ ಮಾತ್ರಕ್ಕೆ ನಿಮ್ಮ ಬೀದಿಗೆ ಲೈನ್ ಇದೆ ಅಂತ ಅಲ್ಲ. ಬಿಎಸ್ಎನ್ಎಲ್ ಫೈಬರ್ ಅನ್ನು ಹಳ್ಳಿಗಳಲ್ಲಿ ಬಹಳ ಕಡೆ ಸ್ಥಳೀಯ ಪಾಲುದಾರರು, ಹೆಚ್ಚಾಗಿ ಕೇಬಲ್ ಟಿವಿಯವರು, ಎಳೆದುಕೊಡ್ತಾರೆ. ಅವರನ್ನೇ ಕೇಳಿ.

ಗ್ರಾಮ ಪಂಚಾಯಿತಿಯಲ್ಲೂ ಒಂದು ಮಾತು ಕೇಳಿ. ಎಲ್ಲಾ ಪಂಚಾಯಿತಿಗೆ ಫೈಬರ್ ಮುಟ್ಟಿಸುವ ಯೋಜನೆಗೆ ಕೇಂದ್ರ ಸಚಿವ ಸಂಪುಟ 2011ರಲ್ಲೇ ಒಪ್ಪಿಗೆ ಕೊಟ್ಟಿತ್ತು. ಈಗ ಅದರ ಹೆಸರು ಭಾರತ್‌ನೆಟ್. ಪಂಚಾಯಿತಿ ಕಟ್ಟಡಕ್ಕೆ ಲೈನ್ ಬಂದು ಚಾಲೂ ಇದ್ದರೆ, ಆ ಊರಿನ ಮನೆಗಳಿಗೆ ಕನೆಕ್ಷನ್ ಸಿಗುವ ಸಾಧ್ಯತೆ ಹೆಚ್ಚು. ಒಬ್ಬರೇ ಕೇಳುವ ಬದಲು ಬೀದಿಯ ಐದಾರು ಮನೆಯವರು ಸೇರಿ ಕೇಳಿದರೆ ಕೇಬಲ್ ಎಳೆಯುವವರಿಗೂ ಗಿಟ್ಟುತ್ತೆ.

ಇಲ್ಲಿ ಬಹಳ ಜನ ಎಡವುವ ಜಾಗ: ಫೈಬರ್ ತಂತಿಯನ್ನು ಸಾಮಾನ್ಯ ರೂಟರ್‌ಗೆ ನೇರ ಚುಚ್ಚೋಕೆ ಆಗಲ್ಲ. ಅದಕ್ಕೆ ಒಎನ್‌ಟಿ ಅನ್ನೋ ಡಬ್ಬ ಬೇಕು. ಈಗ ಕೊಡುವ ಬಹುಪಾಲು ಒಎನ್‌ಟಿಗಳಲ್ಲಿ ವೈಫೈ ಕೂಡ ಒಳಗೇ ಇರುತ್ತೆ. ಅಂದರೆ ನೀವು ಬೇರೆ ರೂಟರ್ ಕೊಳ್ಳುವ ಅಗತ್ಯವೇ ಇಲ್ಲದಿರಬಹುದು. ಹಳೇ ಲ್ಯಾಂಡ್‌ಲೈನ್ ಕಾಲದ ಮೋಡೆಮ್ ಅಟ್ಟದ ಮೇಲಿದ್ದರೆ ಅದು ಫೈಬರ್‌ಗೆ ಉಪಯೋಗಕ್ಕೆ ಬರಲ್ಲ.

ಕನೆಕ್ಷನ್ ಕೊಡುವವರಿಗೆ ಈ ನಾಲ್ಕು ಕೇಳಿ, ಉತ್ತರವನ್ನು ವಾಟ್ಸ್ಆ್ಯಪ್‌ನಲ್ಲಿ ಬರೆಸಿಕೊಳ್ಳಿ:

1. ಒಎನ್‌ಟಿ ನನ್ನದಾ, ಬಾಡಿಗೆಯಾ, ಡೆಪಾಸಿಟ್ ವಾಪಸ್ ಬರುತ್ತಾ?
2. ಹೇಳಿದ ರೇಟಿನಲ್ಲಿ ಜಿಎಸ್‌ಟಿ ಸೇರಿದೆಯಾ? ಶೇ. 18 ಸೇರಿದರೆ 500 ರೂಪಾಯಿ ಪ್ಲಾನ್ 590 ಆಗುತ್ತೆ.
3. ಡಬ್ಬದಲ್ಲಿ ಒಂದೇ ಬ್ಯಾಂಡ್ ಇದೆಯಾ, ಎರಡೂ ಇದೆಯಾ?
4. ಕೇಬಲ್ ತುಂಡಾದರೆ ಯಾರು ಬರ್ತಾರೆ, ಎಷ್ಟು ದಿನದಲ್ಲಿ?

ಮೊದಲು ಅವರು ಕೊಟ್ಟ ಡಬ್ಬದಲ್ಲೇ ಒಂದು ತಿಂಗಳು ಓಡಿಸಿ. ಸಾಲದು ಅನ್ನಿಸಿದರೆ ಮಾತ್ರ ರೂಟರ್ ತಂದು, ಒಎನ್‌ಟಿಯ ಲ್ಯಾನ್ ಪೋರ್ಟ್‌ನಿಂದ ಒಂದು ಕೇಬಲ್ ಎಳೆದು ಸೇರಿಸಬಹುದು.

ದಾರಿ 2: ಏರ್‌ಫೈಬರ್

ಜಿಯೋ, ಏರ್‌ಟೆಲ್ ಎರಡೂ 2023ರಲ್ಲಿ ಏರ್‌ಫೈಬರ್ ಶುರು ಮಾಡಿದವು. ಇದರಲ್ಲಿ ಕೇಬಲ್ ಬರಲ್ಲ, ಟವರಿನ 5ಜಿ ಸಿಗ್ನಲ್ ಹಿಡಿದು ಮನೆಯೊಳಗೆ ವೈಫೈ ಕೊಡುತ್ತೆ. ಡಬ್ಬ ಕಂಪನಿಯವರೇ ತಂದು ಹಾಕ್ತಾರೆ, ನೀವು ರೂಟರ್ ಕೊಳ್ಳಬೇಕಿಲ್ಲ. ನಿಮ್ಮ ಮನೆ ಜಾಗದಲ್ಲೇ ಸಿಗ್ನಲ್ ಅಳೆದು ತೋರಿಸಿ ಅಂತ ಹೇಳಿ. ಪಕ್ಕದೂರಲ್ಲಿ ಇದೆ, ಇಲ್ಲೂ ಬರುತ್ತೆ ಅನ್ನೋ ಮಾತಿಗೆ ವರ್ಷದ ದುಡ್ಡು ಒಟ್ಟಿಗೆ ಕಟ್ಟಬೇಡಿ. ಮೊದಲು ಚಿಕ್ಕ ಅವಧಿಗೆ ಹಾಕಿಸಿ ನೋಡಿ.

ದಾರಿ 3: ಸಿಮ್ ರೂಟರ್

ತೋಟದ ಮನೆಯವರಿಗೆ, ಕಾಡಂಚಿನವರಿಗೆ ಇದೇ ದಾರಿ. ಇಲ್ಲೇ ದುಡ್ಡು ಹಾಳಾಗೋದು ಜಾಸ್ತಿ. ಹಾಗಾಗಿ ಕೊಳ್ಳುವ ಮುಂಚೆ ಸಿಗ್ನಲ್ ಪರೀಕ್ಷೆ ಮಾಡಿ. ಮಣ್ಣು ಪರೀಕ್ಷೆ ಥರಾನೇ, ಖರ್ಚಿಲ್ಲ.

ಆಂಡ್ರಾಯ್ಡ್ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಅಬೌಟ್ ಫೋನ್, ಅಲ್ಲಿ ಸಿಮ್ ಸ್ಟೇಟಸ್ ಒಳಗೆ ಸಿಗ್ನಲ್ ಸ್ಟ್ರೆಂತ್ ಅಂತ ಇರುತ್ತೆ. ಕೆಲವು ಫೋನಲ್ಲಿ ಜಾಗ ಸ್ವಲ್ಪ ಬೇರೆ. ಅದು ಮೈನಸ್ ಲೆಕ್ಕದಲ್ಲಿ, ಡಿಬಿಎಂ ಅಂತ ಬರುತ್ತೆ. 4ಜಿಯಲ್ಲಿ ಮೈನಸ್ 80ರಿಂದ 90 ಇದ್ದರೆ ಚೆನ್ನಾಗಿದೆ. ಮೈನಸ್ 100ರ ಹತ್ತಿರ ಸಾಧಾರಣ. ಮೈನಸ್ 110 ದಾಟಿದರೆ ಕಷ್ಟ. ಈ ಲೆಕ್ಕದಲ್ಲಿ ಹತ್ತು ಅಂಕಿ ವ್ಯತ್ಯಾಸ ಅಂದರೆ ಸಿಗ್ನಲ್ ಬಲದಲ್ಲಿ ಹತ್ತು ಪಟ್ಟು. ಕಡ್ಡಿ ಎಣಿಸಿ ಮೋಸ ಹೋಗಬೇಡಿ, ಅಂಕಿ ನೋಡಿ.

ಬೇರೆ ಬೇರೆ ಕಂಪನಿಯ ಸಿಮ್ ಇರುವ ಇಬ್ಬರು ಮೂವರು ಗೆಳೆಯರನ್ನು ಮನೆಗೆ ಕರೀರಿ. ಹಾಲ್, ಅಡುಗೆ ಮನೆ, ಪ್ರತಿ ಕಿಟಕಿ, ತಾರಸಿ, ಪಂಪ್‌ಮನೆ ಎಲ್ಲಾ ಕಡೆ ಅಂಕಿ ಬರೆದುಕೊಳ್ಳಿ. ಟ್ರಾಯ್‌ನ ಮೈಸ್ಪೀಡ್ ಆ್ಯಪ್‌ನಲ್ಲಿ ವೇಗ ನೋಡಿ. ಬೆಳಿಗ್ಗೆ ಒಂದ್ಸಲ, ರಾತ್ರಿ ಎಂಟೂವರೆಗೆ ಒಂದ್ಸಲ. ರಾತ್ರಿ ಅಂಕಿಯೇ ನಿಜವಾದ ಅಂಕಿ, ಯಾಕಂದ್ರೆ ಆಗ ಊರೆಲ್ಲ ಅದೇ ಟವರ್ ಮೇಲೆ ಇರುತ್ತೆ.

ನಮ್ಮ ಶುಂಠಿ ಅಣ್ಣನ ಮನೆಯಲ್ಲಿ ಮಾರನೇ ದಿನ ನಾವು ಇದನ್ನೇ ಮಾಡಿದ್ವಿ. ರೂಟರ್ ಇಟ್ಟಿದ್ದ ಒಳರೂಮಲ್ಲಿ ಮೈನಸ್ 113. ಮೇಲೆ ಜಿಂಕ್ ಶೀಟು, ಪಕ್ಕದಲ್ಲಿ ಕಬ್ಬಿಣದ ಬೀರು. ಪೂರ್ವದ ಕಿಟಕಿಯಲ್ಲಿ ಇನ್ನೊಂದು ಕಂಪನಿಯ ಸಿಮ್‌ಗೆ ಮೈನಸ್ 94. ಒಂದೇ ಮನೆ, ಹದಿನೈದು ಅಡಿ ಅಂತರ. ಮೊದಲೇ ಇಷ್ಟು ಮಾಡಿದ್ದರೆ ಆ ರಾತ್ರಿ ತಾರಸಿ ಹತ್ತುವ ಕೆಲಸ ಇರ್ತಿರಲಿಲ್ಲ. ಆ ಲಾಕ್ ಆದ ಡಬ್ಬ ಬಿಟ್ಟು, ಎಲ್ಲಾ ಸಿಮ್ ಓಡುವ ಒಂದು 4ಜಿ ರೂಟರ್ ತಂದು ಆ ಕಿಟಕಿಗೇ ಇಟ್ಟರು. ಈಗಲೂ ಅಲ್ಲೇ ಇದೆ.

ಸಿಮ್ ರೂಟರ್ ಕೊಳ್ಳುವಾಗ ನೋಡಬೇಕಾದ್ದು:

- ಯಾವ ಕಂಪನಿಯ ಸಿಮ್ ಆದರೂ ಓಡಬೇಕು. ಒಂದೇ ಕಂಪನಿಗೆ ಲಾಕ್ ಆದದ್ದು ಬೇಡ. ಸೆಕೆಂಡ್‌ಹ್ಯಾಂಡ್ ಆದರೆ ನಿಮ್ಮ ಸಿಮ್ ಹಾಕಿ ನೋಡಿಯೇ ದುಡ್ಡು ಕೊಡಿ.
- ನಿಮ್ಮ ಕಂಪನಿಯ ಬ್ಯಾಂಡ್ ಇರಬೇಕು. ಬಿಎಸ್ಎನ್ಎಲ್ 4ಜಿ ಮುಖ್ಯವಾಗಿ 700 ಮತ್ತು 2100 ಮೆಗಾಹರ್ಟ್ಸ್‌ನಲ್ಲಿ ಬರುತ್ತೆ. 700 ಅಂದರೆ ಬ್ಯಾಂಡ್ 28. ಇದು ದೂರ ಹೋಗುವ, ಗೋಡೆ ದಾಟುವ ಬ್ಯಾಂಡ್, ಆದರೆ ಎಲ್ಲಾ ಅಗ್ಗದ ರೂಟರ್‌ಗಳಲ್ಲಿ ಇರಲ್ಲ. ಡಬ್ಬದ ಮೇಲೆ ಬಿ28 ಅಂತ ಇದೆಯಾ ನೋಡಿ.
- ಆಂಟೆನಾ ಬಿಚ್ಚಿ ಬೇರೆ ಹಾಕುವಂತಿದ್ದರೆ ಒಳ್ಳೇದು. ಸಿಗ್ನಲ್ ಕಮ್ಮಿ ಇದ್ದರೆ ತಾರಸಿ ಮೇಲೆ ಟವರ್ ಕಡೆ ಮುಖ ಮಾಡುವ ಹೊರಗಿನ ಆಂಟೆನಾ ಕೂರಿಸಬಹುದು. ಕೇಬಲ್ ಉದ್ದ ಆದಷ್ಟೂ ಸಿಗ್ನಲ್ ಸೋರುತ್ತೆ, ಹಾಗಾಗಿ ಚಿಕ್ಕದಾಗಿರಲಿ.
- ಕ್ಯಾಟ್ 4 ಅಂತ ಬರೆದಿದ್ದರೆ ಗರಿಷ್ಠ 150 ಎಂಬಿಪಿಎಸ್. ನಮ್ಮ ಹಳ್ಳಿ ಟವರ್‌ಗೆ ಅಷ್ಟು ಸಾಕು.

ನಾನು ವಿಚಾರಿಸಿದಂತೆ ಇಂಥ ರೂಟರ್ ಮೂರರಿಂದ ಐದು ಸಾವಿರದ ಆಸುಪಾಸು. ಕೊಳ್ಳುವ ದಿನ ನಾಲ್ಕು ಕಡೆ ಕೇಳಿ.

ಒಂದು ಎಚ್ಚರಿಕೆ. "ಮೊಬೈಲ್ ಸಿಗ್ನಲ್ ಬೂಸ್ಟರ್" ಅಂತ ಆನ್‌ಲೈನಲ್ಲಿ ಮಾರುವ ಡಬ್ಬ ತಗೋಬೇಡಿ. ಅದನ್ನು ಅನುಮತಿ ಇಲ್ಲದೆ ಇಟ್ಟುಕೊಳ್ಳೋದು ಕಾನೂನಿಗೆ ವಿರುದ್ಧ. ನಿಮ್ಮ ಮನೆಗೆ ನಾಲ್ಕು ಕಡ್ಡಿ ಬಂದು, ಅಕ್ಕಪಕ್ಕದವರ ಕರೆ ಕಟ್ಟಾಗುತ್ತೆ. ರೂಟರ್‌ಗೆ ಹಾಕುವ ಆಂಟೆನಾ ಬೇರೆ, ಬೂಸ್ಟರ್ ಬೇರೆ.

ನಾಗರಹೊಳೆ ಕಾಡಂಚಿನಲ್ಲಿ, ಕಬಿನಿ ಹಿನ್ನೀರಿನ ಆಚೆ ತಾರಸಿಯಲ್ಲೂ ಮೈನಸ್ 115 ತೋರಿಸುವ ಜಾಗಗಳಿವೆ. ಅಲ್ಲಿ ಆಂಟೆನಾ ಕೂರಿಸಿದ ಮೇಲೂ ಬರದಿದ್ದರೆ ರೂಟರ್ ಬದಲಿಸಿ ಬದಲಿಸಿ ದುಡ್ಡು ಕಳೀಬೇಡಿ. ಪಂಚಾಯಿತಿಯ ಅರಿವು ಕೇಂದ್ರದಲ್ಲಿ ನೆಟ್ ಇದೆಯಾ ವಿಚಾರಿಸಿ, ಅರ್ಜಿ ಕೆಲಸಗಳನ್ನು ಅಲ್ಲಿ ಮುಗಿಸಿ. ಸಿಗ್ನಲ್ ಇಲ್ಲದ ಹಳ್ಳಿಗಳಿಗೆ 4ಜಿ ಟವರ್ ಹಾಕುವ ಯೋಜನೆಗೆ ಕೇಂದ್ರ ಸಚಿವ ಸಂಪುಟ 2022ರಲ್ಲಿ ಒಪ್ಪಿಗೆ ಕೊಟ್ಟಿದೆ. ನಿಮ್ಮ ಊರು ಆ ಪಟ್ಟಿಯಲ್ಲಿ ಇದೆಯಾ ಅಂತ ಪಂಚಾಯಿತಿ ಮೂಲಕ ಬರೆದು ಕೇಳಿ.

ಡಬ್ಬದ ಮೇಲಿನ ಅಂಕಿಗಳನ್ನು ಓದೋದು ಹೇಗೆ?

ಫೈಬರ್ ಮನೆಯವರು ಬೇರೆ ರೂಟರ್ ಕೊಳ್ಳುವಾಗ ಎನ್300, ಎಸಿ1200, ಎಎಕ್ಸ್1500 ಅಂತ ನೋಡ್ತೀರಿ. ಮುಂದಿನ ಅಕ್ಷರ ತಲೆಮಾರು ಹೇಳುತ್ತೆ: ಎನ್ ಅಂದರೆ ವೈಫೈ 4, ಎಸಿ ಅಂದರೆ ವೈಫೈ 5, ಎಎಕ್ಸ್ ಅಂದರೆ ವೈಫೈ 6. ಹಿಂದಿನ ಅಂಕಿ ಪ್ರಯೋಗಾಲಯದ ಗರಿಷ್ಠ, ಎಲ್ಲಾ ಬ್ಯಾಂಡ್ ಕೂಡಿಸಿ ಬರೆದದ್ದು. ಬೀಜದ ಪ್ಯಾಕೆಟ್ ಮೇಲೆ ಎಕರೆಗೆ ಇಷ್ಟು ಕ್ವಿಂಟಾಲ್ ಅಂತ ಬರೆದಿರ್ತಾರಲ್ಲ, ಆ ಥರ.

ಎರಡು ಬ್ಯಾಂಡ್ ಅಂದರೆ ಏನು? 2.4 ಗಿಗಾಹರ್ಟ್ಸ್ ದೂರ ಹೋಗುತ್ತೆ, ಗೋಡೆ ದಾಟುತ್ತೆ, ವೇಗ ಕಮ್ಮಿ. 5 ಗಿಗಾಹರ್ಟ್ಸ್ ವೇಗ ಜಾಸ್ತಿ, ಆದರೆ ಒಂದೆರಡು ಗೋಡೆಗೇ ಸುಸ್ತಾಗುತ್ತೆ. ನಮ್ಮ ಹಳೇ ಮನೆಗಳ ಒಂದೂವರೆ ಅಡಿ ಮಣ್ಣಿನ ಗೋಡೆ, ಹೊಗೆಸೊಪ್ಪಿನ ಬ್ಯಾರನ್ ಗೋಡೆ ಅಡ್ಡ ಇದ್ದರೆ 5 ಗಿಗಾಹರ್ಟ್ಸ್ ಆಚೆ ಹೋಗುತ್ತೆ ಅಂತ ನಂಬಬೇಡಿ. ಇನ್ನೊಂದು ವಿಷಯ, ವೈಫೈ ಕ್ಯಾಮೆರಾ, ಸ್ಮಾರ್ಟ್ ಪ್ಲಗ್‌ನಂಥವು ಬಹಳಷ್ಟು 2.4ರಲ್ಲಿ ಮಾತ್ರ ಓಡುತ್ತವೆ. ಎರಡೂ ಬ್ಯಾಂಡ್ ಇರುವುದನ್ನು ತಗೊಂಡರೆ ಎರಡಕ್ಕೂ ಆಯ್ತು.

ಎಷ್ಟು ವೇಗ ಬೇಕು? ಫೋನಲ್ಲಿ ಸಾಧಾರಣ ವಿಡಿಯೊಗೆ ಒಂದೆರಡು ಎಂಬಿಪಿಎಸ್, ಟಿವಿಯಲ್ಲಿ ಎಚ್‌ಡಿಗೆ ಐದು, ಒಂದು ಕ್ಯಾಮೆರಾಗೆ ಎರಡು ಅಂತ ಇಟ್ಟುಕೊಳ್ಳಿ. ನಾಲ್ಕೈದು ಜನರ ಮನೆಗೆ 30 ಎಂಬಿಪಿಎಸ್ ಪ್ಲಾನ್ ಸಾಕಾಗುತ್ತೆ. ಪ್ಲಾನ್ 100 ಎಂಬಿಪಿಎಸ್‌ಗಿಂತ ಕಮ್ಮಿ ಇದ್ದರೆ ಗಿಗಾಬಿಟ್ ಪೋರ್ಟ್‌ಗೆ ಹೆಚ್ಚು ದುಡ್ಡು ಕೊಡಬೇಕಿಲ್ಲ. ಪ್ಲಾನ್ 100 ದಾಟಿದರೆ ಮಾತ್ರ ಗಿಗಾಬಿಟ್ ಇದೆಯಾ ನೋಡಿ, ಯಾಕಂದ್ರೆ ಅನೇಕ ಅಗ್ಗದ ರೂಟರ್‌ಗಳ ಪೋರ್ಟ್ 100ಕ್ಕೇ ನಿಲ್ಲುತ್ತೆ.

ನನ್ನ ಲೆಕ್ಕ ಹೀಗಿದೆ. ಎರಡು ರೂಮಿನ ಮನೆಗೆ ಸಾವಿರ ಚಿಲ್ಲರೆಯ ಎನ್300 ಆದೀತು. ಇನ್ನೈನೂರು ಕೈಯಲ್ಲಿದ್ದರೆ ಎಸಿ1200 ತಗೊಳ್ಳಿ, ನಾಲ್ಕೈದು ವರ್ಷಕ್ಕೆ ಯೋಚನೆ ಇಲ್ಲ. ವೈಫೈ 6 ಬೇಕಾಗೋದು ಮನೆಯಲ್ಲಿ ಹತ್ತು ಹದಿನೈದು ಸಾಧನ ಒಟ್ಟಿಗೆ ಓಡುವಾಗ. ವೈಫೈ 7ಕ್ಕೆ ಈಗ ದುಡ್ಡು ಸುರಿಯುವ ಅಗತ್ಯ ನಮಗಿಲ್ಲ.

ಇಡುವ ಜಾಗ

ಮನೆಯ ನಡುಭಾಗ, ಐದಾರು ಅಡಿ ಎತ್ತರ. ಕಬ್ಬಿಣದ ಬೀರು, ಫ್ರಿಜ್, ಟಿವಿ ಹಿಂದೆ ಬೇಡ. ಸಿಮ್ ರೂಟರ್ ಮಾತ್ರ ಟವರ್ ಕಡೆಯ ಕಿಟಕಿಗೆ.

ತೋಟಗಾರಿಕೆ ಓದಿದವನಾಗಿ ಇನ್ನೊಂದು ಹೇಳ್ತೀನಿ. ವೈಫೈ ಅಲೆಯನ್ನು ನೀರು ಹೀರಿಕೊಳ್ಳುತ್ತೆ. ಬಾಳೆ ಎಲೆ, ದಿಂಡು ಅಂದರೆ ಹೆಚ್ಚುಪಾಲು ನೀರೇ. ಮನೆಗೂ ಪಂಪ್‌ಮನೆಗೂ ನಡುವೆ ಬಾಳೆ ತೋಟ ಇದ್ದರೆ, ನಾಟಿ ಮಾಡಿದಾಗ ಬರ್ತಿದ್ದ ವೈಫೈ ಗಿಡ ಬೆಳೆದ ಮೇಲೆ ನಿಂತುಹೋಗುತ್ತೆ. ರೂಟರ್ ಕೆಟ್ಟಿಲ್ಲ, ತೋಟ ಬೆಳೆದಿದೆ. ಪಂಪ್‌ಮನೆ 100 ಮೀಟರ್ ಒಳಗಿದ್ದರೆ ಹೊರಾಂಗಣದ ಕ್ಯಾಟ್ 6 ಕೇಬಲ್ ಎಳೆದು, ಹಳೇ ರೂಟರನ್ನು ಆ ಕಡೆ ಆ್ಯಕ್ಸೆಸ್ ಪಾಯಿಂಟ್ ಮಾಡಿಕೊಳ್ಳಿ. ಆ ಕೇಬಲ್ಲನ್ನು ಮೋಟಾರ್ ವೈರ್ ಜೊತೆ ಸುತ್ತಬೇಡಿ, ಸೋಲಾರ್ ಬೇಲಿ ಕಂಬಕ್ಕೆ ಕಟ್ಟಬೇಡಿ.

ಕರೆಂಟು, ಸಿಡಿಲು

ನಮ್ಮ ಕಡೆ ರೂಟರ್ ಬಾಳಿಕೆ ಬರೋದು ಬಿಡೋದು ಕಂಪನಿಗಿಂತ ಹೆಚ್ಚಾಗಿ ಕರೆಂಟ್ ಮೇಲಿದೆ. ರೂಟರ್ ಎಳೆಯೋದು ಎಂಟು ಹತ್ತು ವ್ಯಾಟ್. ಇಡೀ ದಿನ ಓಡಿದರೂ ಕಾಲು ಯೂನಿಟ್ ಒಳಗೆ, ತಿಂಗಳಿಗೆ ಆರೇಳು ಯೂನಿಟ್.

ಕರೆಂಟ್ ಹೋದಾಗ ಓಡಿಸೋಕೆ ರೂಟರ್ ಯುಪಿಎಸ್ ಸಿಗುತ್ತೆ. ಲೆಕ್ಕ ಹೀಗೆ ಹಾಕಿ: ಡಬ್ಬದ ಮೇಲೆ 10,000 ಎಂಎಎಚ್ ಅಂತಿದ್ದರೆ ಅದನ್ನು 3.7ರಿಂದ ಗುಣಿಸಿ ಸಾವಿರದಿಂದ ಭಾಗಿಸಿ. 37 ವ್ಯಾಟ್ ಅವರ್. ಸೋರಿಕೆ ಕಳೆದು 30 ಅಂತ ಇಟ್ಟುಕೊಂಡರೆ, ಹತ್ತು ವ್ಯಾಟ್ ರೂಟರ್ ಮೂರು ಗಂಟೆ ಓಡುತ್ತೆ. ಎಂಟು ಗಂಟೆ ಬರುತ್ತೆ ಅಂತ ಅಂಗಡಿಯವರು ಹೇಳಿದರೆ ಈ ಲೆಕ್ಕ ತೋರಿಸಿ. ಕೊಳ್ಳುವಾಗ ರೂಟರಿನ ಅಡಾಪ್ಟರ್ ಕೈಯಲ್ಲಿ ಹಿಡಿದು ಹೋಗಿ. ಕೆಲವು 12 ವೋಲ್ಟ್, ಕೆಲವು 9, ಕೆಲವು 5. ಪಿನ್ ಕೂತಿತು ಅಂತ ಹೆಚ್ಚು ವೋಲ್ಟಿನದ್ದು ಚುಚ್ಚಿದರೆ ರೂಟರ್ ಅಲ್ಲೇ ಹೋಗುತ್ತೆ.

ಏಪ್ರಿಲ್, ಮೇ ತಿಂಗಳ ಗುಡುಗು ಮಳೆಗೆ ಪ್ಲಗ್ ತೆಗೆದುಬಿಡಿ. ಪಂಪ್‌ಮನೆಗೆ ಎಳೆದ ನೆಟ್ ಕೇಬಲ್, ತಾರಸಿ ಆಂಟೆನಾ ಕೇಬಲ್ ಕೂಡ ತೆಗೀರಿ. ಎಲ್ಲಾ ಗುಡುಗು ಶುರುವಾಗುವ ಮುಂಚೆ, ಮೋಡ ಕಟ್ಟಿದಾಗಲೇ. ಸಿಡಿಲಿನಿಂದ, ವೋಲ್ಟೇಜ್‌ನಿಂದ ಸುಟ್ಟದ್ದಕ್ಕೆ ಸಾಮಾನ್ಯವಾಗಿ ವಾರಂಟಿ ಸಿಗಲ್ಲ.

ನೆಟ್ ನಿಂತಾಗ ಮೊದಲು ದೀಪ ನೋಡಿ

ಒಎನ್‌ಟಿಯಲ್ಲಿ ಎಲ್‌ಒಎಸ್ ಅಂತ ಬರೆದ ಕಡೆ ಕೆಂಪು ದೀಪ ಮಿನುಗ್ತಿದ್ದರೆ ಫೈಬರ್ ಎಲ್ಲೋ ತುಂಡಾಗಿದೆ ಅಥವಾ ಮಡಚಿದೆ. ಹುಲ್ಲಿನ ಲೋಡ್, ಕಬ್ಬಿನ ಲಾರಿ ತಗುಲಿ ಕಿತ್ತಿರಬಹುದು, ಇಲಿ ಕಡಿದಿರಬಹುದು. ರೂಟರ್ ಬದಲಿಸಿ ಪ್ರಯೋಜನ ಇಲ್ಲ, ಲೈನಿನವರನ್ನು ಕರೀರಿ. ಯಾವ ದೀಪವೂ ಇಲ್ಲ ಅಂದರೆ ಮೊದಲು ಅಡಾಪ್ಟರ್ ನೋಡಿ. ಇನ್ನೂರು ಮುನ್ನೂರು ರೂಪಾಯಿಯ ಅಡಾಪ್ಟರ್ ಹೋದದ್ದಕ್ಕೆ ಹೊಸ ರೂಟರ್ ಕೊಂಡವರು ನಮ್ಮೂರಲ್ಲೇ ಇದ್ದಾರೆ. ಎಲ್ಲಾ ದೀಪ ಸರಿ ಇದ್ದು ನೆಟ್ ಇಲ್ಲದಿದ್ದರೆ ರೀಚಾರ್ಜ್ ಮುಗಿದಿದೆಯಾ ನೋಡಿ. ಆಮೇಲೆ ಆಫ್ ಮಾಡಿ ಎರಡು ನಿಮಿಷ ಬಿಟ್ಟು ಆನ್ ಮಾಡಿ.

ಕೊಂಡ ಮೇಲೆ

ಜಿಎಸ್‌ಟಿ ಬಿಲ್ ಮೇಲೆ ಸೀರಿಯಲ್ ನಂಬರ್ ಬರೆಸಿ, ಫೋಟೊ ತೆಗೆದಿಡಿ. ಆನ್‌ಲೈನಲ್ಲಿ ತರಿಸಿದರೆ ವಾಪಸ್ ಮಾಡುವ ಗಡುವು ಮುಗಿಯುವ ಮುಂಚೆ ಹಗಲು ರಾತ್ರಿ ಓಡಿಸಿ ಪರೀಕ್ಷಿಸಿ. ಸರ್ವಿಸ್ ಸೆಂಟರ್ ಮೈಸೂರಲ್ಲಿ ಇದೆಯಾ ಅಂತ ಕೊಳ್ಳುವ ಮುಂಚೆಯೇ ಕೇಳಿ. ಮಾತಿಗೆ ತಪ್ಪಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಬಹುದು.

ಮೊದಲ ದಿನವೇ ಎರಡು ಪಾಸ್‌ವರ್ಡ್ ಬದಲಿಸಿ. ವೈಫೈಯದ್ದು ಒಂದು, ರೂಟರ್ ಒಳಗೆ ಹೋಗುವ ಅಡ್ಮಿನ್ ಪಾಸ್‌ವರ್ಡ್ ಇನ್ನೊಂದು. ಸೆಕ್ಯೂರಿಟಿ ಡಬ್ಲ್ಯುಪಿಎ2 ಅಥವಾ ಡಬ್ಲ್ಯುಪಿಎ3 ಇರಲಿ. ಊರಿಗೆಲ್ಲ ಪಾಸ್‌ವರ್ಡ್ ಹಂಚಬೇಡಿ. ನಿಮ್ಮ ಕನೆಕ್ಷನ್‌ನಿಂದ ಯಾರು ಏನು ಮಾಡಿದರೂ ವಿಚಾರಣೆ ಮೊದಲು ಬರೋದು ನಿಮ್ಮ ಹೆಸರಿಗೆ.

ಈ ವಾರದ ಕೆಲಸ

1. ಪಿನ್‌ಕೋಡ್ ಹಾಕಿ ನೋಡಿ, ಕೇಬಲ್‌ನವರನ್ನು, ಪಂಚಾಯಿತಿಯನ್ನು ಕೇಳಿ.
2. ಫೈಬರ್ ಇಲ್ಲದಿದ್ದರೆ ಮೂರು ಸಿಮ್, ನಾಲ್ಕು ಜಾಗ, ಎರಡು ಹೊತ್ತು ಸಿಗ್ನಲ್ ಅಂಕಿ ಬರೆದುಕೊಳ್ಳಿ.
3. ಆಮೇಲೆ ಅಂಗಡಿಗೆ ಹೋಗಿ. ಆ ಚೀಟಿ ಜೇಬಲ್ಲಿರಲಿ.

ಇಷ್ಟೆಲ್ಲ ಮಾಡಿದರೂ ಒಂದು ಮಾತು. ಅರ್ಜಿ, ಆಪ್ಷನ್ ಎಂಟ್ರಿ, ವಿಮೆ ಕಂತು ಯಾವುದನ್ನೂ ಕೊನೆಯ ರಾತ್ರಿಗೆ ಇಟ್ಟುಕೊಳ್ಳಬೇಡಿ. ಎಂಥ ರೂಟರ್ ಆದರೂ ಒಂದು ದಿನ ಕೈ ಕೊಡುತ್ತೆ.

ಶುಂಠಿ ಅಣ್ಣನ ಮನೆಯಲ್ಲಿ ಮೂಲೆಗಿಟ್ಟಿದ್ದ ಆ ಸಾವಿರದ ಎಂಟುನೂರರ ರೂಟರನ್ನು ನಾನೇ ದುಡ್ಡು ಕೊಟ್ಟು ತಗೊಂಡೆ. ಈಗ ನಮ್ಮ ಪ್ಯಾಕಿಂಗ್ ಶೆಡ್‌ನಲ್ಲಿ ಓಡ್ತಿದೆ, ಮೈಸೂರಿನ ತರಕಾರಿ ಆರ್ಡರ್‌ಗಳು ಅದರಲ್ಲೇ ಬರ್ತವೆ. ಯಾರಾದರೂ "ಯಾವ ರೂಟರ್ ತಗೊಳ್ಳಲಿ ಅಣ್ಣ" ಅಂದರೆ ಅದರ ಕಡೆ ಒಂದ್ಸಲ ನೋಡಿ, "ಮೊದಲು ನಿಮ್ಮನೆ ಎಲ್ಲಿ ಹೇಳಿ" ಅಂತೀನಿ.

ಮುಂದಿನ ವಾರ ಶುಂಠಿ ಗಡ್ಡೆ ಕೊಳೆ ಬಗ್ಗೆ ಬರೀತೀನಿ. ಮಡಿಯಲ್ಲಿ ನೀರು ನಿಲ್ಲದಂತೆ ಬಸಿಗಾಲುವೆ ನೋಡ್ಕೊಳ್ಳಿ.